ನನ್ನ ಶಿಕ್ಷಣ ತತ್ವ: ಬರೆದದ್ದು, ತಿದ್ದಿದ್ದು, ತಿದ್ದದೆ ಬಿಟ್ಟಿದ್ದು

ಶಿಕ್ಷಕರ ತರಬೇತಿ ಶುರುವಾಗುತ್ತಿದ್ದಂತೆ ಪ್ರಶಿಕ್ಷಣಾರ್ಥಿಗಳಿಗೆ ಸಿಗುವ ಮೊದಲ ಕೆಲಸಗಳಲ್ಲಿ ಒಂದು, ‘ನನ್ನ ಶಿಕ್ಷಣ ತತ್ವ’ ಎಂಬ ಒಂದು ಪುಟದ ಬರಹ. ಬಹಳಷ್ಟು ಜನ ಅದನ್ನು ಒಪ್ಪಿಸಿ, ಅಂಕ ಪಡೆದು, ಮರೆತುಬಿಡುತ್ತಾರೆ. ನಾನು ಅದನ್ನು ಕೆಲಸದ ದಾಖಲೆಯಾಗಿ ಇಟ್ಟುಕೊಂಡು ಬೋಧನಾಭ್ಯಾಸದ, ಅಂದರೆ ಶಾಲೆಗೆ ಹೋಗಿ ಪಾಠ ಮಾಡಿ ಕಲಿಯುವ ಅವಧಿಯ, ಉದ್ದಕ್ಕೂ ತಿದ್ದುತ್ತ ಬಂದೆ. ಹೀಗೆ ತಿದ್ದುವಾಗ ನಿಜಕ್ಕೂ ಕಷ್ಟ ಕೊಡುವ ಪ್ರಶ್ನೆ ಒಂದೇ: ನಿಲುವು ಬದಲಾದದ್ದು ಮಕ್ಕಳಿಂದ ಏನನ್ನೋ ಕಲಿತದ್ದರಿಂದಲೋ, ದಣಿದು ಕೈಚೆಲ್ಲಿದ್ದರಿಂದಲೋ? ಎರಡನ್ನೂ ನಾವು ‘ಅನುಭವ’ ಎಂದೇ ಕರೆಯುತ್ತೇವೆ. ಎಲ್ಲ ಅನುಭವವೂ ಕಲಿಸುವುದಿಲ್ಲ, ಕೆಲವು ಮುಂದಿನ ಕಲಿಕೆಗೇ ಅಡ್ಡಿಯಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಲ್ಲೇ ಎಚ್ಚರಿಸಿದ್ದರು. ಅವೆರಡನ್ನು ಬೇರ್ಪಡಿಸಲು ನಾನು ಅನುಸರಿಸಿದ ಕ್ರಮ ಇದು.

ಮೊದಲ ಪ್ರತಿ

ಮೊದಲ ಪ್ರತಿಯನ್ನು ಪಠ್ಯಪುಸ್ತಕ ತೆರೆಯುವ ಮೊದಲೇ ಬರೆಯಬೇಕು. 250ರಿಂದ 300 ಪದ ಸಾಕು. ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯಿತು: ಮಕ್ಕಳು ಹೇಗೆ ಕಲಿಯುತ್ತಾರೆ? ಅದರಲ್ಲಿ ನನ್ನ ಕೆಲಸವೇನು? ಏನನ್ನು ಕಲಿಸುವುದು ಯೋಗ್ಯ? ಕಲಿತರೆಂದು ಹೇಗೆ ತಿಳಿಯುತ್ತದೆ? ತರಗತಿಯಲ್ಲಿ ಶಿಸ್ತು ಎಂದರೇನು? ಪ್ರತಿ ಉತ್ತರವೂ ಬಿಡಿ ಬಿಡಿ ವಾಕ್ಯಗಳಲ್ಲಿರಲಿ, ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ ಇರಲಿ. ಪುಟದ ಬಲಗಡೆ ಮೂರನೇ ಒಂದು ಭಾಗ ಖಾಲಿ ಬಿಡಿ, ಮೇಲೆ ದಿನಾಂಕ ಹಾಕಿ. ಈ ಪ್ರತಿಯನ್ನು ಮುಂದೆ ಎಂದೂ ಅಳಿಸಬಾರದು, ಅದರ ಮೇಲೇ ತಿದ್ದಲೂ ಬಾರದು. ಹೊಸ ಮಾತು ಹೊಸ ಹಾಳೆಯಲ್ಲೇ. ಕಂಪ್ಯೂಟರಿನಲ್ಲಿ ಬರೆಯುವವರು ಪ್ರತಿ ಸಲ ಬೇರೆ ಕಡತ ಮಾಡಿಕೊಳ್ಳಬೇಕು. ಒಂದೇ ಕಡತವನ್ನು ತಿದ್ದುತ್ತ ಹೋದರೆ ಹಳೆಯ ನಿಲುವು ಗುರುತು ಉಳಿಸದೆ ಹೋಗುತ್ತದೆ. ಆಮೇಲೆ ‘ನಾನು ಮೊದಲಿನಿಂದಲೂ ಹೀಗೇ ಅಂದುಕೊಂಡಿದ್ದೆ’ ಎಂದು ಮನಸ್ಸು ಸಲೀಸಾಗಿ ನಂಬಿಸಿಬಿಡುತ್ತದೆ.

ಬರೆದ ಮೇಲೆ ಪ್ರತಿ ವಾಕ್ಯದ ಪಕ್ಕ ಅದರ ಮೂಲ ಗುರುತಿಸಬೇಕು. ನಾನು ವಿದ್ಯಾರ್ಥಿಯಾಗಿದ್ದ ಶಾಲೆಯಿಂದ ಬಂದದ್ದಕ್ಕೆ ‘ಶಾ’, ಪುಸ್ತಕ ಅಥವಾ ಉಪನ್ಯಾಸದಿಂದ ಬಂದದ್ದಕ್ಕೆ ‘ಪು’, ಕಲಿಸುವಾಗ ಕಣ್ಣಾರೆ ಕಂಡದ್ದಕ್ಕೆ ‘ತ’. ಮೊದಲ ಪ್ರತಿಯಲ್ಲಿ ‘ತ’ ಇರುವುದೇ ಇಲ್ಲ, ಇದು ಸಹಜ. ಆದರೆ ‘ಶಾ’ ಎಷ್ಟು ತುಂಬಿಕೊಂಡಿರುತ್ತದೆ ಎಂಬುದು ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲೋರ್ಟಿ 1975ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಪ್ರೌಢಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕುಳಿತಿರುತ್ತಾನೆ ಎಂಬುದು ಅವರ ಲೆಕ್ಕ. ಅಷ್ಟು ಹೊತ್ತು ನೋಡಿದ್ದೇ ನಮ್ಮ ನಿಜವಾದ ಮೊದಲ ತರಬೇತಿ. ಆದರೆ ಬೆಂಚಿನಿಂದ ಕಾಣುವುದು ಶಿಕ್ಷಕರ ಮಾತು, ಸಿಟ್ಟು, ನಗು ಮಾತ್ರ. ಆ ಉದಾಹರಣೆಯನ್ನೇ ಯಾಕೆ ಆರಿಸಿದರು, ಯಾವುದನ್ನು ಬಿಟ್ಟರು, ಯಾರ ಮುಖ ನೋಡಿ ಪಾಠದ ದಿಕ್ಕು ಬದಲಿಸಿದರು ಎಂಬುದು ಅಲ್ಲಿಂದ ಕಾಣುವುದಿಲ್ಲ. ಹಾಗಾಗಿ ‘ಶಾ’ ಗುರುತಿನ ವಾಕ್ಯಗಳು ಒಳ್ಳೆಯ ಶಿಕ್ಷಕರ ಸ್ವಭಾವದ ಬಗ್ಗೆ ಹೇಳುತ್ತವೆ, ಅವರು ಮಾಡಿದ ಕೆಲಸದ ಬಗ್ಗೆ ಬಾಯಿ ಬಿಡುವುದಿಲ್ಲ. ‘ಶಿಕ್ಷಕರು ಪ್ರೀತಿಯಿಂದಿರಬೇಕು’ ಇದಕ್ಕೆ ಮಾದರಿ.

ಕಣ್ಣಿಗೆ ಕಾಣುವ ಕುರುಹು

ಮುಂದಿನ ಹಂತದಲ್ಲಿ, ಖಾಲಿ ಬಿಟ್ಟ ಬಲಭಾಗದಲ್ಲಿ ಪ್ರತಿ ವಾಕ್ಯಕ್ಕೂ ಒಂದು ಕುರುಹು ಬರೆಯಬೇಕು. 40 ನಿಮಿಷದ ಪಾಠದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಅಪರಿಚಿತರೊಬ್ಬರು ಏನನ್ನು ನೋಡಿದರೆ ‘ಇವರು ಇದನ್ನು ನಂಬುತ್ತಾರೆ’ ಎನ್ನಬಹುದು? ‘ಪ್ರತಿ ಮಗುವೂ ವಿಶಿಷ್ಟ’ ಎಂಬ ವಾಕ್ಯಕ್ಕೆ ಕುರುಹು ಸಿಗುವುದು ಬಹಳ ಕಷ್ಟ. ‘ತಪ್ಪು ಉತ್ತರವೂ ಉಪಯುಕ್ತ’ ಎಂಬುದಕ್ಕೆ ಸುಲಭವಾಗಿ ಸಿಗುತ್ತದೆ: ತಪ್ಪು ಉತ್ತರ ಬಂದಾಗ ಮುಂದಿನ ಮಗುವಿನತ್ತ ತಿರುಗದೆ ‘ಹೇಗೆ ಬಂತು?’ ಎಂದು ಅದೇ ಮಗುವನ್ನು ಕೇಳುವುದು. ಕುರುಹು ಸಿಗದ ವಾಕ್ಯವನ್ನು ತೆಗೆಯಬೇಕಾಗಿಲ್ಲ. ಅದಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟುಕೊಂಡರೆ ಸಾಕು.

ಹೇಳುವ ಸಿದ್ಧಾಂತ ಮತ್ತು ನಡೆಸುವ ಸಿದ್ಧಾಂತ ಬೇರೆ ಬೇರೆ ಎಂಬ ಭೇದವನ್ನು ಸಂಶೋಧಕರಾದ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶಾನ್ 1974ರಲ್ಲಿ ಮುಂದಿಟ್ಟರು. ಯಾರೂ ಬೇಕೆಂದು ಸುಳ್ಳಾಡುವುದಿಲ್ಲ, ಅಂತರವೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಾಣಿಸಿಕೊಳ್ಳಬೇಕಾದರೆ ಧ್ವನಿಮುದ್ರಣ ಬೇಕು. ಶಾಲೆಯ ಅನುಮತಿ ಪಡೆದು, ಮಕ್ಕಳಿಗೂ ತಿಳಿಸಿ, ಪಾಠದ ನಡುವಿನ 10 ನಿಮಿಷ ಮಾತ್ರ ಮುದ್ರಿಸಿಕೊಳ್ಳಬೇಕು. ಕೇಳಿ ಎಣಿಸಿದ ಮೇಲೆ ಅಳಿಸಿಬಿಡಬೇಕು. ಎಣಿಸಬೇಕಾದದ್ದು ನಾಲ್ಕು: ನಾನು ಕೇಳಿದ ಪ್ರಶ್ನೆಗಳೆಷ್ಟು, ಅವುಗಳಲ್ಲಿ ಒಂದೇ ಪದದ ಉತ್ತರ ಸಾಕಾಗುವವೆಷ್ಟು, ಪ್ರಶ್ನೆ ಕೇಳಿ ಎಷ್ಟು ಸೆಕೆಂಡು ಸುಮ್ಮನಿದ್ದೆ, ಎಷ್ಟು ಬೇರೆ ಬೇರೆ ಮಕ್ಕಳ ಹೆಸರು ಬಂತು. ಕೊನೆಯದಕ್ಕೆ, ಸಹಪಾಠಿಯೊಬ್ಬರು ಆಸನಗಳ ನಕ್ಷೆ ಇಟ್ಟುಕೊಂಡು ಗೀಟು ಹಾಕಿಕೊಟ್ಟರೆ ಇನ್ನೂ ನಿಖರ. ಗೀಟುಗಳು ಸಾಮಾನ್ಯವಾಗಿ ಮುಂದಿನ ಸಾಲುಗಳಲ್ಲಿ ಮತ್ತು ನಡುವಿನ ಓಣಿಯ ಅಕ್ಕಪಕ್ಕ ಗುಂಪುಗೂಡಿರುತ್ತವೆ.

ಸುಮ್ಮನಿರುವ ಸೆಕೆಂಡುಗಳ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ‘ಎಲ್ಲ ಮಕ್ಕಳೂ ಯೋಚಿಸಬಲ್ಲರು’ ಎಂಬ ನಂಬಿಕೆ ಸತ್ಯವೋ ಬಾಯುಪಚಾರವೋ ಎಂಬುದು ಇಲ್ಲೇ ಗೊತ್ತಾಗುವುದು. 1970ರ ದಶಕದಲ್ಲಿ ಸಂಶೋಧಕಿ ಮೇರಿ ಬಡ್ ರೋ ವಿಜ್ಞಾನ ಪಾಠಗಳ ಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆಯ ನಂತರ ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಎಂದು ಕಂಡಿತು. ಅದನ್ನು 3 ಸೆಕೆಂಡು ಅಥವಾ ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಕಡಿಮೆಯಾಯಿತು, ಅಲ್ಲಿಯವರೆಗೆ ಹಿಂದುಳಿದವರೆಂದು ಎಣಿಸಿದ್ದ ಮಕ್ಕಳೂ ಮಾತಾಡತೊಡಗಿದರು. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಅಷ್ಟೇ ಹೊತ್ತು ಕಾಯಬೇಕು, ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಕುಳಿತು ಬರೆಯುವ ಪ್ರಶಿಕ್ಷಣಾರ್ಥಿಗೆ 3 ಸೆಕೆಂಡು ಏನೂ ಅಲ್ಲ. 40 ಜೊತೆ ಕಣ್ಣುಗಳ ಎದುರು ನಿಂತವರಿಗೆ ಅದು ತೀರಾ ಉದ್ದ. ಮನಸ್ಸಿನಲ್ಲಿ ನಿಧಾನವಾಗಿ ಮೂರು ಎಣಿಸಿಕೊಳ್ಳುವುದೇ ಉಪಾಯ.

ಒಂದು ವಾಕ್ಯ ಬದಲಾದ ಬಗೆ

ಮೊದಲ ಪ್ರತಿ: ‘ಸರಿ ಉತ್ತರ ಬಂದರೆ ಮಗು ಕಲಿತಿದೆ ಎಂದರ್ಥ.’ ಇದನ್ನು ಪರೀಕ್ಷಿಸಿದ್ದು ಪಾಠದ ಕೊನೆಯ 4 ನಿಮಿಷದ ಚೀಟಿಯಿಂದ. ಪ್ರಶ್ನೆ: 1/3, 1/4 ಇವುಗಳಲ್ಲಿ ದೊಡ್ಡದು ಯಾವುದು, ಯಾಕೆ? ಚೀಟಿಗಳನ್ನು ಮೂರು ಗುಡ್ಡೆ ಮಾಡಬೇಕು: ಉತ್ತರವೂ ಕಾರಣವೂ ಸರಿ, ಉತ್ತರ ಸರಿ ಕಾರಣ ತಪ್ಪು, ಉತ್ತರವೇ ತಪ್ಪು. 40 ಚೀಟಿಗೆ ಕಾಲು ಗಂಟೆ ಬೇಕಾಗುತ್ತದೆ. ಮೂರನೆಯ ಗುಡ್ಡೆಯಲ್ಲಿ ‘4 ದೊಡ್ಡದು, ಅದಕ್ಕೆ 1/4 ದೊಡ್ಡದು’ ಎಂಬ ನಿರೀಕ್ಷಿತ ತಪ್ಪು ಸಿಗುತ್ತದೆ. ನಿಲುವನ್ನು ಅಲುಗಾಡಿಸುವುದು ಎರಡನೆಯ ಗುಡ್ಡೆ. ಅಲ್ಲಿ ‘ಕೆಳಗಿನ ಸಂಖ್ಯೆ ಚಿಕ್ಕದಾದರೆ ಭಿನ್ನರಾಶಿ ದೊಡ್ಡದು’ ಎಂದಿರುತ್ತದೆ. ಈ ನಿಯಮ 1/3, 1/4ಕ್ಕೆ ಸರಿಹೋಗುತ್ತದೆ. ಮರುದಿನ 2/3, 3/4 ಕೊಟ್ಟರೆ ಅದೇ ಮಗು ಅದೇ ವಿಶ್ವಾಸದಿಂದ 2/3 ಎನ್ನುತ್ತದೆ. ಮೇಲಿನ ಸಂಖ್ಯೆಗಳು ಒಂದೇ ಆಗಿದ್ದಾಗ ಮಾತ್ರ ಆ ನಿಯಮ ನಡೆಯುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ, ಪಾಠ ಅದನ್ನು ತೋರಿಸಿಯೂ ಇರುವುದಿಲ್ಲ.

ಎರಡನೆಯ ಪ್ರತಿ: ‘ಕಾರಣ ಹೇಳಬಲ್ಲ ಮಗು ಕಲಿತಿದೆ.’ ಇದಕ್ಕೂ ಅಡ್ಡಿ ಬರುತ್ತದೆ. ಕೆಲವರು ಚಿತ್ರ ಬಿಡಿಸಿ ಸರಿಯಾಗಿ ಹೋಲಿಸುತ್ತಾರೆ, ಮಾತಿನಲ್ಲಿ ಹೇಳಲು ತಡವರಿಸುತ್ತಾರೆ. ಇನ್ನು ಕೆಲವರು ನನ್ನ ಮಾತನ್ನೇ ಅಕ್ಷರಶಃ ಒಪ್ಪಿಸುತ್ತಾರೆ. ಮೂರನೆಯ ಪ್ರತಿ ಹೀಗಾಯಿತು: ‘ಒಂದು ಪ್ರಶ್ನೆಗೆ ಸರಿ ಉತ್ತರ ಬಂದಾಗ, ಅದೇ ತಪ್ಪು ನಿಯಮ ಮುರಿದುಬೀಳುವಂಥ ಎರಡನೆಯ ಪ್ರಶ್ನೆಯನ್ನೂ ದಾಟಿದರೆ ಕಲಿತಿದೆ ಎನ್ನಬಹುದು, ಉತ್ತರ ಮಾತಿನಲ್ಲೋ ಚಿತ್ರದಲ್ಲೋ ಬರಬಹುದು.’ ವಾಕ್ಯ ಉದ್ದವಾಗಿದೆ, ಚಂದ ಕಡಿಮೆಯಾಗಿದೆ. ಆದರೆ ಇದರಿಂದ ನಾಳೆಯ ಪಾಠ ಯೋಜನೆ ಬರೆಯಬಹುದು.

ಇದೇ ರೀತಿ ಬಲವಾಗಿ ತಿರುವು ಪಡೆದ ಇನ್ನೊಂದು ವಾಕ್ಯ ‘ಮಕ್ಕಳು ತಾವೇ ಕಂಡುಕೊಂಡಾಗ ಮಾತ್ರ ಕಲಿಯುತ್ತಾರೆ’. ಹೊಸ ವಿಷಯದ ಮೊದಲ ಪಾಠದಲ್ಲೇ ಇದನ್ನು ಹಿಡಿದುಕೊಂಡರೆ, ಮೊದಲೇ ಗೊತ್ತಿದ್ದ ನಾಲ್ಕೈದು ಮಕ್ಕಳು ಕಂಡುಕೊಳ್ಳುತ್ತಾರೆ, ಉಳಿದವರು ಅವರನ್ನು ನೋಡಿ ಬರೆಯುತ್ತಾರೆ. ಸಂಶೋಧಕರಾದ ಜಾನ್ ಸ್ವೆಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದಲ್ಲಿ ತೋರಿಸಿದ್ದು ಇದಕ್ಕೆ ಹೊಂದುತ್ತದೆ: ಹೊಸಬರಿಗೆ ಬಿಡಿಸಿ ತೋರಿಸಿದ ಉದಾಹರಣೆಗಳು, ಬರೀ ಲೆಕ್ಕ ಕೊಟ್ಟು ಬಿಡಿಸಲು ಹೇಳುವುದಕ್ಕಿಂತ ಹೆಚ್ಚು ಸಹಾಯಕ. ಪಳಗಿದವರ ವಿಷಯದಲ್ಲಿ ಈ ಲಾಭ ಕರಗಿ, ಕೆಲವೊಮ್ಮೆ ತಿರುಗುಮುರುಗಾಗುತ್ತದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಹಾಗಾಗಿ ವಾಕ್ಯವನ್ನು ತೆಗೆದುಹಾಕದೆ ಅದಕ್ಕೆ ‘ಯಾವಾಗ’ ಸೇರಿಸಿದೆ: ಮೊದಲು ಬಿಡಿಸಿ ತೋರಿಸಿದ ಎರಡು ಉದಾಹರಣೆ, ನಂತರ ಅರ್ಧ ಬಿಡಿಸಿದ್ದು ಒಂದು, ಕೈ ಕುದುರಿದ ಮೇಲೆ ಅನ್ವೇಷಣೆಯ ಪ್ರಶ್ನೆ.

ಕಲಿತದ್ದೋ, ದಣಿದದ್ದೋ

ವಾಕ್ಯ ಬದಲಿಸಲು ಒಂದು ನಿಯಮ ಬೇಕೇ ಬೇಕು. ಒಂದು ಕೆಟ್ಟ ಪೀರಿಯಡ್ಡಿನಿಂದ ಏನನ್ನೂ ಬದಲಿಸಬಾರದು. ಒಂದೇ ಬಗೆಯ ಅಡ್ಡಿ ಕನಿಷ್ಠ ಮೂರು ಬೇರೆ ಪಾಠಗಳಲ್ಲಿ, ಸಾಧ್ಯವಾದರೆ ಎರಡು ತರಗತಿಗಳಲ್ಲಿ ಕಂಡಿರಬೇಕು. ಆಧಾರವಾಗಿ ಮಕ್ಕಳ ಬರಹ ಅಥವಾ ಮಾತು ಕೈಯಲ್ಲಿರಬೇಕು. ಅದಕ್ಕಾಗಿ ಪಾಠ ಮುಗಿದ ದಿನವೇ ಮೂರು ಸಾಲು ಬರೆದಿಡುತ್ತೇನೆ: ಏನು ನಿರೀಕ್ಷಿಸಿದ್ದೆ, ಏನಾಯಿತು, ಎಷ್ಟನೆಯ ವಾಕ್ಯಕ್ಕೆ ಇದು ತಾಗುತ್ತದೆ. ‘ಪಾಠ ಚೆನ್ನಾಗಿ ಆಯಿತು’ ಎಂಬಂಥ ಮಾತಿಗೆ ಅಲ್ಲಿ ಜಾಗವಿಲ್ಲ.

ಶಿಸ್ತಿನ ವಾಕ್ಯಗಳಿಗೆ ಇನ್ನಷ್ಟು ಬಿಗಿ ಬೇಕು. ಬೋಧನಾಭ್ಯಾಸ ಮುಗಿಸಿದ ಪ್ರಶಿಕ್ಷಣಾರ್ಥಿಗಳು ಹೋಗುವಾಗ ಇದ್ದುದಕ್ಕಿಂತ ಹೆಚ್ಚು ಕಾವಲುಗಾರ ಮನೋಭಾವದವರಾಗಿ, ಅಂದರೆ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವುದೇ ಮುಖ್ಯ ಎನ್ನುವವರಾಗಿ, ಹೊರಬರುತ್ತಾರೆ ಎಂದು ಸಂಶೋಧಕ ವೇಯ್ನ್ ಹೋಯ್ 1960ರ ದಶಕದ ಕೊನೆಯಲ್ಲೇ ತೋರಿಸಿದ್ದರು. ತರಬೇತಿಯಲ್ಲಿ ಕಟ್ಟಿಕೊಂಡ ನಿಲುವು ಶಾಲೆಯಲ್ಲಿ ತೊಳೆದುಹೋಗುತ್ತದೆಯೇ ಎಂದು ಶಿಕ್ಷಕರ ತರಬೇತಿಯ ಸಂಶೋಧಕರಾದ ಕೆನ್ನೆತ್ ಝೈಕ್ನರ್ ಮತ್ತು ರಾಬರ್ಟ್ ಟಬಾಚ್ನಿಕ್ 1981ರಲ್ಲಿ ನೇರವಾಗಿ ಕೇಳಿದರು. ‘ಗುಂಪು ಚಟುವಟಿಕೆ ಈ ಮಕ್ಕಳಿಗೆ ಆಗಿಬರುವುದಿಲ್ಲ’ ಎಂದು ಬರೆಯಲು ಕೈ ಹೋದಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಬದಲಾವಣೆಯಿಂದ ಯಾರಿಗೆ ನಿರಾಳವಾಗುತ್ತದೆ, ನನಗೋ ಮಕ್ಕಳಿಗೋ? ಹೊಸ ವಾಕ್ಯದಲ್ಲಿ ‘ಯಾವಾಗ, ಯಾರಿಗೆ’ ಎಂಬ ಷರತ್ತು ಹೆಚ್ಚಿದೆಯೋ, ಹಳೆಯದನ್ನು ಬರೀ ಅಳಿಸಿದ್ದೇನೋ? ತರಗತಿಯಲ್ಲಿ 50ರ ಬದಲು 20 ಮಕ್ಕಳಿದ್ದರೂ ಇದನ್ನೇ ಬರೆಯುತ್ತಿದ್ದೆನೇ?

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಮಕ್ಕಳ ಸಂಖ್ಯೆ ಇಳಿದರೆ ವಾಕ್ಯ ಬಿದ್ದುಹೋಗುತ್ತದೆ ಎಂದಾದರೆ ಅದು ನಂಬಿಕೆಯಲ್ಲ, ಇಕ್ಕಟ್ಟು. ಅದನ್ನು ‘ಪರಿಸ್ಥಿತಿ’ ಎಂಬ ಬೇರೆ ಪುಟಕ್ಕೆ ಹಾಕುತ್ತೇನೆ: ಬೆಂಚುಗಳು ನೆಲಕ್ಕೆ ಬಿಗಿದಿವೆ, ಪೀರಿಯಡ್ಡಿನ ಮೊದಲ 5 ನಿಮಿಷ ಹಾಜರಿಗೆ ಹೋಗುತ್ತದೆ, ಹೀಗೆ. ಆ ಪುಟದ ವಿಷಯಗಳಿಗೆ ಉಪಾಯ ಹುಡುಕಬಹುದು. ನಾಲ್ವರ ಗುಂಪು ಆಗದಿದ್ದರೆ ಅದೇ ಬೆಂಚಿನ ಜೋಡಿ ಸಾಕು. ತತ್ವದ ಪುಟದಲ್ಲಿ ಬರೆದುಬಿಟ್ಟರೆ ಮಾತ್ರ ಇಕ್ಕಟ್ಟು ಮಕ್ಕಳ ದೋಷವಾಗಿ ಬದಲಾಗುತ್ತದೆ, ಒಳ್ಳೆಯ ಶಾಲೆಗೆ ಹೋದರೂ ಜೊತೆಗೇ ಬರುತ್ತದೆ.

ಸಮಯದ ಬಗ್ಗೆ ಒಂದು ಮಾತು. ಹೊಸ ಶಿಕ್ಷಕರ ಕಾಳಜಿ ಮೊದಲು ತಮ್ಮ ಸುತ್ತ, ನಂತರ ಪಾಠದ ಸುತ್ತ, ಕೊನೆಗೆ ಮಕ್ಕಳ ಕಲಿಕೆಯ ಸುತ್ತ ಸುತ್ತುತ್ತದೆ ಎಂದು ಸಂಶೋಧಕಿ ಫ್ರಾನ್ಸಿಸ್ ಫುಲ್ಲರ್ 1969ರಿಂದ ಆರಂಭಿಸಿದ ಅಧ್ಯಯನಗಳು ಹೇಳಿದವು. ಈ ಕ್ರಮ ಎಲ್ಲರಲ್ಲೂ ಹೀಗೆ ಸಾಲಾಗಿ ಬರುವುದಿಲ್ಲ, ಹೊಸ ತರಗತಿ ಸಿಕ್ಕಾಗ ಹಿಂದಕ್ಕೂ ಸರಿಯುತ್ತದೆ. ಆದರೂ ಬೋಧನಾಭ್ಯಾಸದ ಮೊದಲ ವಾರಗಳಲ್ಲಿ ತತ್ವವನ್ನು ತಿದ್ದದಿರಲು ಅದು ಸಾಕಷ್ಟು ಕಾರಣ. ವಾರಕ್ಕೊಮ್ಮೆ ತಿದ್ದಿದರೆ ಮನಸ್ಥಿತಿ ದಾಖಲಾಗುತ್ತದೆ. ಅಭ್ಯಾಸಕ್ಕೆ ಮೊದಲು, ನಡುವೆ, ಮುಗಿದ ಮೇಲೆ, ಆಮೇಲೆ ಪ್ರತಿ ಶೈಕ್ಷಣಿಕ ಅವಧಿಯ ಕೊನೆಗೆ ಒಮ್ಮೆ, ಇಷ್ಟು ಸಾಕು. ಒಂದು ಸಲಕ್ಕೆ ಎರಡು ವಾಕ್ಯಕ್ಕಿಂತ ಹೆಚ್ಚು ಬದಲಿಸದಿರುವುದು ಒಳ್ಳೆಯದು.

ಮಾರ್ಗದರ್ಶಿ ಶಿಕ್ಷಕರಿಂದ ಕಲಿಯುವಾಗ ‘ನಿಮ್ಮ ಶಿಕ್ಷಣ ತತ್ವವೇನು’ ಎಂದು ಕೇಳಿದರೆ ಭಾಷಣ ಸಿಗುತ್ತದೆ. ‘ಆ ಹುಡುಗಿ ಕೈ ಎತ್ತಿದ್ದರೂ ನೀವು ಪಕ್ಕದವನನ್ನು ಯಾಕೆ ಕೇಳಿದಿರಿ?’ ಎಂದರೆ ತತ್ವ ಸಿಗುತ್ತದೆ. ಪಾಠ ಮುಗಿದ ತಕ್ಷಣ ಒಂದೇ ಪ್ರಶ್ನೆ ಕೇಳಬೇಕು, ತಪ್ಪು ಹುಡುಕುವ ದನಿ ಇರಬಾರದು. ಅಂಕ ಕೊಡುವವರಿಗಾಗಿ ಬರೆಯುವ ಪ್ರತಿಯನ್ನು ಈ ದಾಖಲೆಯಿಂದ ಬೇರೆಯಾಗಿಯೇ ಇಡಬೇಕು. ಎರಡೂ ಒಂದೇ ಆದರೆ ದೊಡ್ಡ ಹೆಸರುಗಳು ತುಂಬಿಕೊಂಡು ‘ತ’ ಗುರುತುಗಳು ಮಾಯವಾಗುತ್ತವೆ.

ಮೊದಲ ಪ್ರತಿಯ ಐದು ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಬದಲಾಗುವುದು ‘ಏನನ್ನು ಕಲಿಸುವುದು ಯೋಗ್ಯ’ ಎಂಬ ಪ್ರಶ್ನೆಯ ಉತ್ತರ. ಪಠ್ಯಕ್ರಮ ಮೊದಲೇ ನಿಗದಿಯಾಗಿರುವುದರಿಂದ ಅದನ್ನು ತಿದ್ದುವಂಥ ಆಧಾರ ತರಗತಿಯಲ್ಲಿ ತಾನಾಗಿ ಸಿಗುವುದಿಲ್ಲ. ಅದಕ್ಕೆ ನಾನು ಒಂದು ಪಟ್ಟಿ ಇಟ್ಟಿದ್ದೇನೆ. ‘ಇದನ್ನು ಯಾಕೆ ಕಲಿಯಬೇಕು?’ ಎಂದು ಮಕ್ಕಳು ಕೇಳಿದ ಪಾಠಗಳ ಹೆಸರು, ನಾನು ಕೊಟ್ಟ ಉತ್ತರ, ಆ ಉತ್ತರದಲ್ಲಿ ‘ಪರೀಕ್ಷೆಗೆ ಬರುತ್ತದೆ’ ಇತ್ತೋ ಇಲ್ಲವೋ. ‘ಇತ್ತು’ ಎಂದಿರುವ ಪಾಠಗಳಿಗೆ ಮುಂದಿನ ವರ್ಷದ ಪಾಠ ಯೋಜನೆಯಲ್ಲಿ ಮೊದಲು ಬರೆಯುವುದು ಆ ಪ್ರಶ್ನೆಯ ಉತ್ತರವನ್ನು, ಉದ್ದೇಶಗಳ ಪಟ್ಟಿಗಿಂತ ಮುಂಚೆ.