ಸಂಜೆ ಆರರಿಂದ ಹಿಂದಕ್ಕೆ ಬರೆದ ವೇಳಾಪಟ್ಟಿ

ವಿಜ್ಞಾನಿಗೆ ಹೊತ್ತುಗೊತ್ತು ಇರಬಾರದು ಅನ್ನುವವರೇ ನಮ್ಮ ವೃತ್ತಿಯಲ್ಲಿ ಹೆಚ್ಚು. ಆರಕ್ಕೆ ಲ್ಯಾಬ್ ಬಿಡುವ ಕ್ರಮ ಶುರುಮಾಡಿದಾಗ ಆರು ತಿಂಗಳಲ್ಲಿ ಪ್ರಾಜೆಕ್ಟ್ ನಿಂತುಹೋಗುತ್ತದೆ ಎಂದರು. ಹತ್ತಿರ ಹತ್ತಿರ ನಾಲ್ಕು ವರ್ಷವಾಯಿತು, ತಿಂಗಳಿಗೆ ಸಿಗುವ ಕ್ಲೋನ್‌ಗಳು (ಬೇಕಾದ ಡಿಎನ್‌ಎ ಸೇರಿಸಿದ ಬ್ಯಾಕ್ಟೀರಿಯಾ ತಳಿಗಳು) ಮೊದಲಿಗಿಂತ ತುಸು ಜಾಸ್ತಿಯೇ ಇವೆ.

ಮಾಡಿದ್ದು ಇಷ್ಟೇ: ದಿನವನ್ನು ಸಂಜೆಯಿಂದ ಹಿಂದಕ್ಕೆ ಬರೆಯುವುದು. ರಾತ್ರಿಯಿಡೀ ತಾನಾಗಿ ನಡೆಯುವ ಹಂತ ಯಾವುದೋ ಅದು ಐದೂವರೆಗೆ ಸರಿಯಾಗಿ ಬಂದು ಕೂರಬೇಕು.

ಪ್ರೋಟೀನ್ ಎಕ್ಸ್‌ಪ್ರೆಶನ್, ಅಂದರೆ ಬ್ಯಾಕ್ಟೀರಿಯಾದಿಂದ ಬೇಕಾದ ಪ್ರೋಟೀನ್ ಮಾಡಿಸುವುದನ್ನು ನೋಡಿ. ರಾತ್ರಿ ಬೆಳೆಸಿದ ಕಲ್ಚರನ್ನು ಹೊಸ ಮೀಡಿಯಾಕ್ಕೆ (ಪೋಷಕ ದ್ರವಕ್ಕೆ) ನೂರಕ್ಕೆ ಒಂದರಂತೆ ಹಾಕಿದರೆ ಒ.ಡಿ., ಅಂದರೆ ಬ್ಯಾಕ್ಟೀರಿಯಾದಿಂದ ದ್ರವ ಎಷ್ಟು ಮಬ್ಬಾಗಿದೆ ಅನ್ನುವ ಅಳತೆ, 0.05ರ ಆಸುಪಾಸು. 0.6 ಮುಟ್ಟಲು ಮೂರೂವರೆ ಬಾರಿ ದುಪ್ಪಟ್ಟಾಗಬೇಕು. ಒಮ್ಮೆ ದುಪ್ಪಟ್ಟಾಗಲು ಪುಸ್ತಕ ಹೇಳುವ 20 ನಿಮಿಷ ನಂಬಿ ಕೂತರೆ ಕೆಟ್ಟಿರಿ. ಪ್ಲಾಸ್ಮಿಡ್ (ಹೊರಗಿನಿಂದ ಸೇರಿಸಿದ ಡಿಎನ್‌ಎ ಉಂಗುರ) ಹೊತ್ತ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ನನ್ನ ಫ್ಲಾಸ್ಕಿನಲ್ಲಿ 25ರಿಂದ 30 ಬೇಕು, ಆರಂಭದ ಜಡತ್ವ ಬೇರೆ. ಎರಡೂವರೆಗೆ ಹಾಕಿದ್ದು ಐದರ ಒಳಗೆ ತಯಾರು. ಅಲ್ಲಿಂದ 18 ಡಿಗ್ರಿಗೆ ಇಳಿಸಿ, ಪ್ರೋಟೀನ್ ತಯಾರಿ ಶುರುಮಾಡಿಸುವ ರಾಸಾಯನಿಕ ಐಪಿಟಿಜಿ 0.2 ಮಿಲಿಮೋಲಾರ್. ಬೆಳಿಗ್ಗೆ ಒಂಬತ್ತೂವರೆಗೆ 16 ಗಂಟೆ ತುಂಬುತ್ತದೆ. ಮೊದಲೆರಡು ಬ್ಯಾಚ್ ಪೂರ್ತಿ ಇನ್‌ಕ್ಲೂಷನ್ ಬಾಡಿಯಾಗಿ (ಕರಗದ ಪ್ರೋಟೀನ್ ಗಂಟುಗಳಾಗಿ) ತಳಕ್ಕೆ ಹೋದವು, ಯಾಕೆಂದರೆ ಶೇಕರಿನ ಡಿಸ್‌ಪ್ಲೇ 18 ತೋರಿಸುತ್ತಿದ್ದರೂ ಒಂದು ಲೀಟರ್ ಮೀಡಿಯಾ ಒಳಗೆ ಇನ್ನೂ ಬೆಚ್ಚಗಿತ್ತು. ಈಗ ಫ್ಲಾಸ್ಕನ್ನು ಐಸ್‌ನೀರಿನಲ್ಲಿ ಹತ್ತು ನಿಮಿಷ ತಿರುಗಿಸುತ್ತೇನೆ, ತಳಕ್ಕೆ ಅಂಗೈ ಒತ್ತಿದರೆ ತಣ್ಣಗೆ ತಾಗಬೇಕು. ಆಮೇಲೇ ಐಪಿಟಿಜಿ.

ಟ್ರಾನ್ಸ್‌ಫಾರ್ಮೇಶನ್ ಪ್ಲೇಟ್ (ಹೊಸ ಡಿಎನ್‌ಎ ಸೇರಿಸಿದ ಬ್ಯಾಕ್ಟೀರಿಯಾ ಹರಡಿದ ತಟ್ಟೆ) ಐದೂವರೆಗೆ 37 ಡಿಗ್ರಿಯಲ್ಲಿಟ್ಟು ಒಂಬತ್ತಕ್ಕೆ ತೆಗೆಯಿರಿ. ಆಂಪಿಸಿಲಿನ್ ಆಂಟಿಬಯಾಟಿಕ್ ಇರುವ ಪ್ಲೇಟ್ ಅದಕ್ಕಿಂತ ಹೆಚ್ಚು ಹೊತ್ತು ಕೂತರೆ ಕಾಲನಿಯ ಸುತ್ತ ಪುಟಾಣಿ ಸ್ಯಾಟಲೈಟ್‌ಗಳು ಏಳುತ್ತವೆ: ಕಾಲನಿ ಬಿಟ್ಟ ಬೀಟಾಲ್ಯಾಕ್ಟಮೇಸ್ ಎಂಬ ಎಂಜೈಮ್ ಸುತ್ತಲ ಔಷಧಿಯನ್ನು ತಿಂದುಹಾಕಿರುತ್ತದೆ. ಅಷ್ಟು ಬೇಗ ಒಡೆಯದ ಕಾರ್ಬೆನಿಸಿಲಿನ್ ದುಬಾರಿ, ಆದರೆ ತಡವಾಗುವ ದಿನಗಳಿಗೆ ಒಂದು ವಯಲ್ ಇಟ್ಟುಕೊಂಡಿರುವುದು ಲೇಸು.

ಪಿಸಿಆರ್ (ಯಂತ್ರದಲ್ಲಿ ಡಿಎನ್‌ಎ ನಕಲು ಮಾಡುವುದು) ರಾತ್ರಿ ಬಿಟ್ಟರೆ ಕೊನೆಯಲ್ಲಿ ತಣ್ಣಗಿಡುವ ಹೋಲ್ಡ್ 4 ಡಿಗ್ರಿ ಬೇಡ, 10 ಸಾಕು; ಯಂತ್ರದ ಬ್ಲಾಕ್ ಹೆಚ್ಚು ಬಾಳುತ್ತದೆ. ರಿಸ್ಟ್ರಿಕ್ಷನ್ ಡೈಜೆಸ್ಟ್ (ಎಂಜೈಮಿನಿಂದ ಡಿಎನ್‌ಎ ಕತ್ತರಿಸುವುದು) ರಾತ್ರಿ ಬಿಡುವುದಾದರೆ ಎಂಜೈಮ್ ಕಮ್ಮಿ ಹಾಕಿ. ಎಂಜೈಮಿನ ಜೊತೆ ಬರುವ ಗ್ಲಿಸರಾಲ್ ಶೇ. 5 ದಾಟಿದರೆ ಇಕೋಆರ್‌ಒನ್‌ನಂಥ ಎಂಜೈಮ್ ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತದೆ.

ಹಣ ಹೆಚ್ಚು ಪೋಲಾದದ್ದು ವೆಸ್ಟರ್ನ್ ಬ್ಲಾಟಿನಲ್ಲಿ, ಅಂದರೆ ಆಂಟಿಬಾಡಿ ಬಳಸಿ ಒಂದು ಪ್ರೋಟೀನನ್ನು ಗುರುತಿಸುವ ಪರೀಕ್ಷೆಯಲ್ಲಿ. ಪ್ರೈಮರಿ ಆಂಟಿಬಾಡಿಯನ್ನು ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು, ಮತ್ತೆ ಬಳಸಲು, ಕೆಡದಂತೆ ಶೇ. 0.02 ಸೋಡಿಯಂ ಅಜೈಡ್ ಹಾಕಿದ್ದು ಸರಿಯೇ ಇತ್ತು. ಅದೇ ಅಭ್ಯಾಸದಲ್ಲಿ ಎಚ್‌ಆರ್‌ಪಿ ಸೆಕೆಂಡರಿಗೂ (ಪ್ರೈಮರಿಗೆ ಅಂಟಿಕೊಳ್ಳುವ, ಗುರುತು ತೋರಿಸುವ ಎಂಜೈಮ್ ಹೊತ್ತ ಎರಡನೇ ಆಂಟಿಬಾಡಿಗೂ) ಹಾಕಿದ್ದರಿಂದ ಮೂರು ವಾರ ಖಾಲಿ ಬ್ಲಾಟ್. ಅಜೈಡ್ ಎಚ್‌ಆರ್‌ಪಿಯ ಕೆಲಸವನ್ನೇ ನಿಲ್ಲಿಸುತ್ತದೆ. ಒಂದಿಡೀ ಆಂಟಿಬಾಡಿ ವಯಲ್ ಹಾಗೆ ಹೋಯಿತು.

ಬಿಡುವು ಸಿಕ್ಕ ಮಾತ್ರಕ್ಕೆ ಸಂಜೆ ನಮ್ಮದಾಗುವುದಿಲ್ಲ. "ಇವತ್ತು ಬೇಗ ಹೊರಡುತ್ತೇನೆ" ಎಂಬ ಸಂಕಲ್ಪ ಎರಡು ವಾರ ಬಾಳಿದರೆ ಹೆಚ್ಚು. ಆರೂವರೆಗೆ ಇನ್ನೊಬ್ಬರು ನಮಗಾಗಿ ಕಾದಿರುವಂಥ ಕೆಲಸ ಬೇಕು. ನನಗದು ಕೊಳಲು ಪಾಠ. ಇನ್ನೊಬ್ಬರಿಗೆ ಆಟದ ಜೊತೆಗಾರ, ಮಗುವಿನ ಪಾಠ, ಯಾವುದಾದರೂ ಆದೀತು. ಡಾರ್ವಿನ್ ಕೂಡ ಡೌನ್ ಹೌಸ್‌ನಲ್ಲಿ ಬೆಳಗಿನ ಕೆಲಸ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ನಡೆಯಲು ಹೊರಡುತ್ತಿದ್ದ, ದಿನದ ಮುಖ್ಯ ಕೆಲಸ ಅಷ್ಟರಲ್ಲೇ ಆಗಿಹೋಗಿರುತ್ತಿತ್ತು.

ಈ ವೃತ್ತಿಗೆ ಬಂದದ್ದು ಯಾಕೆ ಎಂಬುದು ಗ್ರಾಂಟ್ ವರದಿಗಳ ನಡುವೆ ಮರೆತೇಹೋಗುತ್ತದೆ. ಅದಕ್ಕೆ ಗುರುವಾರ ಮಧ್ಯಾಹ್ನ ಎರಡು ಗಂಟೆ ಯಾರೂ ಕೇಳದ ಪ್ರಶ್ನೆಗೆ ಮೀಸಲು. ಸದ್ಯ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಹರಡುವ ಪರಿ ನೋಡುತ್ತಿದ್ದೇನೆ. ಅಗರ್ ಶೇ. 1.5 ಇದ್ದರೆ ಒಂದೇ ಕಡೆ ಗುಪ್ಪೆಯಾಗಿ ಕೂರುವುದು, 0.7ಕ್ಕೆ ಇಳಿಸಿದರೆ ತೆಳ್ಳನೆಯ ಪೊರೆಯಾಗಿ ಪ್ಲೇಟಿನ ಅಂಚಿನವರೆಗೆ ಓಡುತ್ತದೆ. ಪ್ಲೇಟನ್ನು ಮುಚ್ಚಳ ತೆಗೆದು ಎಷ್ಟು ನಿಮಿಷ ಒಣಗಿಸುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹತ್ತು ನಿಮಿಷಕ್ಕೆ ತೇಲಾಡುತ್ತದೆ, ಮುಕ್ಕಾಲು ಗಂಟೆಗೆ ಅಲ್ಲಾಡುವುದೇ ಇಲ್ಲ. ನನಗೆ ಒಲಿದದ್ದು ಇಪ್ಪತ್ತರ ಸುಮಾರು. ಹುಡ್ ಗಾಳಿಯ ವೇಗ ಬೇರೆಯಾದರೆ ನಿಮ್ಮ ಲೆಕ್ಕವೂ ಬೇರೆಯಾಗುತ್ತದೆ, ಐದೈದು ನಿಮಿಷದ ಅಂತರದಲ್ಲಿ ಆರು ಪ್ಲೇಟ್ ಒಣಗಿಸಿ ನೋಡಿ.