ಇಂಜಿನಿಯರಿಂಗ್ ಸೀಟಿಗೆ ದುಡ್ಡು ಕಟ್ಟುವ ಮೊದಲು ಈ ಲೆಕ್ಕ ಹಾಕಿ

ಸಿಇಟಿ ರ‍್ಯಾಂಕ್ ಬಂದ ಮೇಲೆ ಮನೆಯಲ್ಲಿ ಮಾತೆಲ್ಲ ಯಾವ ಕಾಲೇಜು, ಯಾವ ಬ್ರಾಂಚ್ ಎಂಬುದರ ಸುತ್ತಲೇ. ಹಾಕಿದ ದುಡ್ಡು ವಾಪಸ್ ಬರುತ್ತದಾ ಎಂದು ಕೇಳಲು ಅಪ್ಪ-ಅಮ್ಮನಿಗೆ ಸಂಕೋಚ. ಮಕ್ಕಳ ಓದಿಗೆ ಲೆಕ್ಕ ಹಾಕಬಾರದು ಎನ್ನುವವರೂ ಇದ್ದಾರೆ. ಜಮೀನು ಮಾರಿ, ಒಡವೆ ಅಡವಿಟ್ಟು ಫೀಸ್ ಕಟ್ಟುವ ಮನೆಗಳಲ್ಲಂತೂ ಈ ಲೆಕ್ಕ ಹಾಕಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಸಂಜೆ ಸಾಕು. ಮಗ ಅಥವಾ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.

ಮೊದಲು: ನಾಲ್ಕು ವರ್ಷದ ಪೂರ್ತಿ ಖರ್ಚು

ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಮೂರು ಬೆಲೆಯ ಸೀಟುಗಳು ಇರುತ್ತವೆ. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಬಂದ ಸರ್ಕಾರಿ ಕೋಟಾ, ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ, ಆಮೇಲೆ ಮ್ಯಾನೇಜ್‌ಮೆಂಟ್ ಕೋಟಾ. ಪಾಠ ಒಂದೇ, ಪರೀಕ್ಷೆ ಒಂದೇ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೊಡುವ ಪದವಿ ಪತ್ರದಲ್ಲಿ ಯಾವ ಕೋಟಾ ಎಂದು ಬರೆದಿರುವುದಿಲ್ಲ. ಆದ್ದರಿಂದ ಡಿಗ್ರಿ ಬೇಕಾ ಎನ್ನುವುದಕ್ಕಿಂತ, ಈ ಡಿಗ್ರಿ ಈ ಬೆಲೆಗೆ ಬೇಕಾ ಎಂದು ಕೇಳಿಕೊಳ್ಳಿ.

ಟ್ಯೂಷನ್ ಫೀಸ್ ಒಂದನ್ನೇ ಬರೆದರೆ ಸಾಲದು. 'ಇತರೆ ಶುಲ್ಕ', ಹಾಸ್ಟೆಲ್, ಮೆಸ್, ಬಸ್, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್ ಎಲ್ಲ ಸೇರಿಸಿ. ಫೀಸ್ ಪ್ರತಿ ವರ್ಷ ಏರುತ್ತದಾ ಎಂದು ಕೇಳಿ, ಉತ್ತರವನ್ನು ಕಾಗದದಲ್ಲೇ ತೆಗೆದುಕೊಳ್ಳಿ.

ಎರಡನೆಯದು: ಪ್ಲೇಸ್‌ಮೆಂಟ್ ಫ್ಲೆಕ್ಸ್ ಬಿಟ್ಟು ಎನ್‌ಐಆರ್‌ಎಫ್ ಪಿಡಿಎಫ್ ನೋಡಿ

ಕಾಲೇಜಿನ ಗೇಟಿನಲ್ಲಿ ಹಾಕಿರುವ ದೊಡ್ಡ ಪ್ಯಾಕೇಜ್ ಒಬ್ಬ ವಿದ್ಯಾರ್ಥಿಯದ್ದು. ನಿಮಗೆ ಬೇಕಾದದ್ದು ನಡುವಿನ ವಿದ್ಯಾರ್ಥಿಯ ಸಂಬಳ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಈ ಮಾಹಿತಿ ಕೊಡಲೇಬೇಕು. ಕಾಲೇಜಿನ ಹೆಸರಿನ ಜೊತೆ ಎನ್‌ಐಆರ್‌ಎಫ್ ಎಂದು ಹುಡುಕಿದರೆ ಅವರ ವೆಬ್‌ಸೈಟಿನಲ್ಲೇ ಪಿಡಿಎಫ್ ಸಿಗುತ್ತದೆ.

ಅದರಲ್ಲಿ ನಾಲ್ಕು ವರ್ಷದ ಕೋರ್ಸಿನ ಕೋಷ್ಟಕ ತೆರೆಯಿರಿ. ಒಂದೇ ಸಾಲಿನಲ್ಲಿ ಐದು ಸಂಖ್ಯೆ ಸಿಗುತ್ತವೆ: ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಅವಧಿಗೆ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು. ಮೀಡಿಯನ್ ಎಂದರೆ ಸಂಬಳಗಳನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದಾಗ ಸರಿಯಾಗಿ ನಡುವೆ ಬರುವುದು.

ಉದಾಹರಣೆಗೆ 600 ಜನ ಸೇರಿ, 450 ಜನ ಪಾಸಾಗಿ, 250 ಜನಕ್ಕೆ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಆ ಮೀಡಿಯನ್ 250 ಜನರದ್ದು ಮಾತ್ರ. ಮಿಕ್ಕ 350 ಜನ ಅದರಲ್ಲಿ ಇಲ್ಲವೇ ಇಲ್ಲ. ಸಂಬಳದ ಜೊತೆಗೆ ಈ ಅನುಪಾತವನ್ನೂ ನೋಡಿ. ಇದು ಕಾಲೇಜುಗಳೇ ಕೊಟ್ಟ ಅಂಕಿ, ಎಲ್ಲ ಬ್ರಾಂಚ್‌ಗಳನ್ನೂ ಸೇರಿಸಿದ್ದು. ಹಾಗಾಗಿ ನಿಮಗೆ ಬೇಕಾದ ಬ್ರಾಂಚಿನಲ್ಲಿ ಹೋದ ವರ್ಷ ಮುಗಿಸಿದ ಇಬ್ಬರು ಮೂವರ ಹತ್ತಿರ ಮಾತಾಡಿ. ಸಂಬಳ ಕೇಳುವುದು ಮುಜುಗರ, ನಿಜ. ಆದರೂ ಕೇಳಿ.

ಮೂರನೆಯದು: ಸಾಲದ ಕಂತು

ಇಲ್ಲಿ ಅವಸರ ಬೇಡ. ವರ್ಷಕ್ಕೆ 2 ಲಕ್ಷದಂತೆ 8 ಲಕ್ಷ ಸಾಲ, ಶೇ 10 ಬಡ್ಡಿ ಎಂದುಕೊಳ್ಳೋಣ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಮೊದಲ ವರ್ಷ ತೆಗೆದ 2 ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ನಾಲ್ಕು, ಆಮೇಲೆ ಮೂರು, ಎರಡು. ಸರಳ ಬಡ್ಡಿ ಹಿಡಿದರೂ 2.8 ಲಕ್ಷ ಆಗುತ್ತದೆ. ಅಲ್ಲಿಗೆ ಸಾಲ 10.8 ಲಕ್ಷ. ಇದನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,900 ರೂಪಾಯಿ. ಒಟ್ಟು ಕಟ್ಟುವುದು 15 ಲಕ್ಷ!

ಈಗ ಸಂಬಳದ ಕಡೆ ಬನ್ನಿ. 3.6 ಲಕ್ಷದ ಸಿಟಿಸಿ (ಕಂಪನಿ ಒಬ್ಬ ನೌಕರನಿಗೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಎಂದರೆ ತಿಂಗಳಿಗೆ 30 ಸಾವಿರ ಕೈಗೆ ಬರುತ್ತದೆ ಎಂದಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲ ಅದರೊಳಗೇ ಸೇರಿರುತ್ತದೆ. ಕೈಗೆ 25 ಸಾವಿರದ ಆಸುಪಾಸು. ಕಂತು ಹೋಗಿ ಉಳಿಯುವ ಏಳು ಸಾವಿರದಲ್ಲಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಓಡಾಟ ನಡೆಯುತ್ತಾ? ಕೊನೆಗೆ ಆ ಕಂತು ಅಪ್ಪನ ಹೆಗಲಿಗೇ ಬರುತ್ತದೆ.

ನನ್ನ ಸಲಹೆ: ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ದಾಟಬಾರದು. 25 ಸಾವಿರಕ್ಕೆ ಸುಮಾರು 8,300. ಇದೇ ಬಡ್ಡಿ, ಇದೇ ಏಳು ವರ್ಷ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ನಾಲ್ಕು ವರ್ಷಕ್ಕೆ ಸೇರಿ 3.7 ಲಕ್ಷದಷ್ಟು ಸಾಲ ಮಾಡಬಹುದು. ಓದುವಾಗಲೇ ಬಡ್ಡಿಯಷ್ಟನ್ನಾದರೂ ತಿಂಗಳು ತಿಂಗಳು ಕಟ್ಟುತ್ತಾ ಬಂದರೆ ಹೊರೆ ತುಂಬ ಇಳಿಯುತ್ತದೆ.

ನಾಲ್ಕನೆಯದು: ಪಕ್ಕದ ದಾರಿಗಳು

ಮಗುವಿನ ಕಣ್ಣು ಸರ್ಕಾರಿ ನೌಕರಿಯ ಮೇಲಿದ್ದರೆ ದುಬಾರಿ ಸೀಟು ಯಾಕೆ? ಕೆಎಎಸ್, ಪಿಡಿಒ, ಎಫ್‌ಡಿಎ, ಪಿಎಸ್‌ಐ ಹುದ್ದೆಗಳಿಗೆ ಯಾವುದಾದರೂ ಡಿಗ್ರಿ ಸಾಕು. ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ., ಬಿಎಸ್ಸಿ ನಡೆಯುತ್ತದೆ. ಎಸ್‌ಡಿಎ ಹುದ್ದೆಗೆ ಪಿಯುಸಿಯೇ ಸಾಕು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಇನ್ನೊಂದು ಮಗು ಇದ್ದರೆ ಸರ್ಕಾರಿ ಪಾಲಿಟೆಕ್ನಿಕ್ ಬಗ್ಗೆ ಯೋಚಿಸಿ. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಅಷ್ಟರಲ್ಲಿ ಕೆಲಸ ಸಿಕ್ಕರೆ ಕೆಲಸಕ್ಕೂ ಸೇರಬಹುದು.

ಇಂಜಿನಿಯರಿಂಗೇ ಬೇಕು ಎಂದರೆ ಕೆಇಎ ಪ್ರಕಟಿಸುವ ಹಿಂದಿನ ವರ್ಷದ ಕಟ್-ಆಫ್ ಪಟ್ಟಿ ಇಟ್ಟುಕೊಂಡು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಆದ್ಯತೆಯ ಪ್ರಕಾರ ನಮೂದಿಸುವುದು) ಮಾಡಿ. ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟಿಗೆ ಕೊಡುವ ದುಡ್ಡಿನ ಒಂದು ಪಾಲಿನಲ್ಲೇ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಸರ್ಕಾರಿ ಸೀಟು ಸಿಗಬಹುದು.

ಕೊನೆಯದು: ಬಿಟ್ಟುಹೋಗುವ ರಿಯಾಯಿತಿಗಳು

ಕುಟುಂಬದ ವಾರ್ಷಿಕ ವರಮಾನ 8 ಲಕ್ಷದೊಳಗಿದ್ದರೆ ಕೆಇಎ ಅರ್ಜಿಯಲ್ಲಿ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಕೇಳಿ. ಪ್ರತಿ ಕೋರ್ಸಿನಲ್ಲೂ ಶೇ 5ರಷ್ಟು ಹೆಚ್ಚುವರಿ ಸೀಟು ಇದಕ್ಕೆಂದೇ ಇವೆ, ಟ್ಯೂಷನ್ ಫೀಸ್ ಮಾಫಿ. ವರಮಾನ 4.5 ಲಕ್ಷದೊಳಗಿದ್ದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆ ಇದೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದೊಳಗಿನ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ ಸಿಗುತ್ತದೆ. ಆದರೆ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ಆದಾಯ ಪ್ರಮಾಣಪತ್ರವನ್ನು ಈಗಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ.

ಲೆಕ್ಕ ಹಾಕುವ ಮೊದಲೇ ಅವಸರದಲ್ಲಿ ಫೀಸ್ ಕಟ್ಟಿಬಿಟ್ಟಿದ್ದೀರಾ? ತರಗತಿ ಶುರುವಾಗುವ ಮೊದಲು ಸೀಟು ಬಿಟ್ಟರೆ, ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮದ ಪ್ರಕಾರ ಕಾಲೇಜು ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಂಡು ಮಿಕ್ಕದ್ದನ್ನು ವಾಪಸ್ ಕೊಡಬೇಕು. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಸೀಟು ಬಿಡುವ ಅರ್ಜಿಯನ್ನು ಬರಹದಲ್ಲಿ ಕೊಟ್ಟು, ನಕಲಿನ ಮೇಲೆ ತಾರೀಖಿನ ಜೊತೆ ಸೀಲು ಹಾಕಿಸಿಕೊಳ್ಳಿ.