ಕೋಸಾ ನೋಸ್ತ್ರಾವನ್ನು ಹೋಬಳಿಗೆ ಇಳಿಸಿದ್ದು ಹೀಗೆ

ಮಾಫಿಯಾದ ‘ರೆಜ್ಜೆಂತೆ’ ಅನ್ನುವ ಹುದ್ದೆಗೆ ಸಬ್‌ಟೈಟಲ್‌ನಲ್ಲಿ ‘ಪ್ರಭಾರಿ’ ಅಂತ ಬರೆದಾಗ ನಮ್ಮ ಕೋಆರ್ಡಿನೇಟರ್ ಫೋನಿನಲ್ಲೇ ನಕ್ಕರು. “ಸಾರ್, ಇದು ಮಾಫಿಯಾನೋ ತಾಲ್ಲೂಕು ಆಫೀಸೋ?” ಈಗ ಅದೇ ಪದ ಅವರ ಪದಪಟ್ಟಿಯಲ್ಲಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಇಟಲಿಯ ಮಾಫಿಯಾ ಬಗ್ಗೆ ಆರು ಕಂತಿನ ಡಾಕ್ಯುಮೆಂಟರಿ, ಕನ್ನಡ ಸಬ್‌ಟೈಟಲ್ ನನ್ನದು. ನಿಮಿಷಕ್ಕೆ ತೊಂಬತ್ತು ರೂಪಾಯಿ ಆಸುಪಾಸು. ಟೈಮ್‌ಕೋಡ್, ಓದುವ ವೇಗ, ಒತ್ತಕ್ಷರದ ಕಾಟ ನಿಮಗೆ ಗೊತ್ತೇ ಇದೆ. ನಾನು ಮುಗ್ಗರಿಸಿದ್ದು ಹುದ್ದೆಗಳಲ್ಲಿ.

ಮೊದಲು ದೊಡ್ಡವರಾಗಿ ಕಂಡವರಿಗೆಲ್ಲ ‘ಡಾನ್’ ಅಂತ ಹಾಕಿದೆ. ಎರಡನೇ ಕಂತು ಮುಗಿಯುವಷ್ಟರಲ್ಲಿ ಹನ್ನೊಂದು ಡಾನ್‌ಗಳು. ಯಾರ ಮೇಲೆ ಯಾರು ಅಂತ ನನಗೇ ತಿಳಿಯಲಿಲ್ಲ. ಆಮೇಲೆ ಪದಕ್ಕೆ ಪದ ಇಟ್ಟು ನೋಡಿದೆ. ‘ರಾಪ್ರೆಸೆಂತಾಂತೆ’ ಅಂದರೆ ‘ಪ್ರತಿನಿಧಿ’. ಅವನು ಒಂದು ಇಡೀ ಫ್ಯಾಮಿಲಿಯ (ಮಾಫಿಯಾದ ಸ್ಥಳೀಯ ಗುಂಪಿನ) ಮುಖ್ಯಸ್ಥ, ನನ್ನ ಸಾಲು ಓದಿದರೆ ಮಾತ್ರ ಎಲ್‌ಐಸಿ ಏಜೆಂಟ್ ಮನೆಗೆ ಬಂದ ಹಾಗಿತ್ತು. ಮಾಫಿಯಾದ ಮೇಲ್ಮಟ್ಟದ ಕಮಿಷನ್‌ಗೆ ಇರುವ ಇನ್ನೊಂದು ಹೆಸರು ‘ಕೂಪೊಲಾ’, ಅದಕ್ಕೆ ‘ಗುಮ್ಮಟ’ ಅಂದೆ. ತಿದ್ದುವವರು ಪಕ್ಕದಲ್ಲಿ ‘ವಿಜಯಪುರ??’ ಅಂತ ಬರೆದು ವಾಪಸ್ ಕಳಿಸಿದರು. ಎರಡು ಕಂತನ್ನು ಬಿಟ್ಟಿಯಾಗಿ ಮತ್ತೆ ಮಾಡಿದೆ. ಸುಮಾರು ಒಂಬತ್ತು ಸಾವಿರದ ದುಡಿಮೆ ನೀರಿಗೆ.

ದಾರಿ ತೋರಿಸಿದ್ದು ಸಿಸಿಲಿ ಮಾಫಿಯಾದ ಒಳಗಿದ್ದು ಆಮೇಲೆ ಬಾಯಿಬಿಟ್ಟ ತೊಮ್ಮಾಸೊ ಬುಶೆತ್ತಾ. 1984ರಲ್ಲಿ ಅವನು ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ ಮುಂದೆ ಒಳಗಿನ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಹೇಳಿದ. 1986ರಲ್ಲಿ ಪಲೆರ್ಮೊದಲ್ಲಿ ಶುರುವಾದ ಮಹಾ ಮೊಕದ್ದಮೆ ಬಹುಪಾಲು ನಿಂತಿದ್ದು ಆ ಹೇಳಿಕೆಯ ಮೇಲೇ. ‘ಮಾಫಿಯಾ’ ಅನ್ನುವುದು ಬರಹಗಾರರ ಪದ, ನಾವು ಅನ್ನುವುದು ‘ಕೋಸಾ ನೋಸ್ತ್ರಾ’ ಅಂತಲೂ ಅಂದ. ನನಗೆ ತಲೆಗೆ ಹೊಕ್ಕಿದ್ದು ಅಲ್ಲೇ. ಒಳಗಿನ ಹುದ್ದೆ ಬೇರೆ, ಮರ್ಯಾದೆಗೆ ಕರೆಯುವ ಹೆಸರು ಬೇರೆ, ಪತ್ರಿಕೆಯವರು ಇಟ್ಟ ಹೆಸರು ಬೇರೆ. ಮೂರು ಬಣ್ಣದ ಪೆನ್ನು ತಗೊಂಡು ಇಡೀ ಸ್ಕ್ರಿಪ್ಟಿಗೆ ಗುರುತು ಹಾಕಿದೆ. ನಾಲ್ಕು ರಾತ್ರಿ ಹೋಯಿತು.

ಹುದ್ದೆಗೆ ನಮ್ಮೂರ ಪದವೇ ಬೇಕು ಅಂತ ಹಠ ಹಿಡಿದೆ. ಹತ್ತಾಳಿನ ಗುಂಪು ‘ದೆಚೀನಾ’. ಅದನ್ನು ನೋಡಿಕೊಳ್ಳುವವನು ‘ಮೇಸ್ತ್ರಿ’. ಫ್ಯಾಮಿಲಿಗೆ ‘ಯಜಮಾನ’. ಅಕ್ಕಪಕ್ಕದ ಮೂರ್ನಾಲ್ಕು ಫ್ಯಾಮಿಲಿ ಸೇರಿದರೆ ‘ಮಾಂದಾಮೆಂತೊ’, ಅದಕ್ಕೆ ‘ಹೋಬಳಿ’. ಗೆಳೆಯರು ಚೆನ್ನಾಗಿ ಆಡಿಕೊಂಡರು. ಆಮೇಲೆ ನೋಡಿದರೆ ಮಾಂದಾಮೆಂತೊ ಕೂಡ ಹಳೇ ಇಟಲಿ ಸರ್ಕಾರದ ಆಡಳಿತ ವಿಭಾಗದ ಹೆಸರೇ! ಅವರೇ ಸರ್ಕಾರದ ಪದ ಎತ್ತಿಕೊಂಡಿರುವಾಗ ನನಗೇನು ಸಂಕೋಚ? ಹೋಬಳಿ ಮುಖ್ಯಸ್ಥರು ಕೂತರೆ ಕಮಿಷನ್. ‘ರೆಜ್ಜೆಂತೆ’ ಅಂದರೆ ಯಜಮಾನ ಜೈಲಿಗೆ ಹೋದಾಗ ಜಾಗ ನೋಡಿಕೊಳ್ಳುವವನು. ಕುರ್ಚಿ ಅವನದಲ್ಲ, ಕೆಲಸ ಅವನದು. ‘ಪ್ರಭಾರಿ’ ಬಿಟ್ಟು ಬೇರೆ ಪದ ಇದ್ದರೆ ಹೇಳಿ.

ಇನ್ನು ‘ದೊನ್’, ಅಂದರೆ ನಮ್ಮ ‘ಡಾನ್’. ಅದು ಹುದ್ದೆಯೇ ಅಲ್ಲ, ಮರ್ಯಾದೆಗೆ ಕರೆಯುವ ಹೆಸರು; ಇಟಲಿಯಲ್ಲಿ ಪಾದ್ರಿಗಳನ್ನೂ ಹಾಗೇ ಕರೀತಾರೆ. ಆ ಮರ್ಯಾದೆಯನ್ನು ಸುಮ್ನೆ ಕ್ರಿಯಾಪದದ ಬಾಲಕ್ಕೆ ತಳ್ಳಿದೆ. ನಲವತ್ತಕ್ಕೂ ಜಾಸ್ತಿ ವರ್ಷ ತಲೆಮರೆಸಿಕೊಂಡಿದ್ದ ಕೋಸಾ ನೋಸ್ತ್ರಾ ಮುಖಂಡ ಬೆರ್ನಾರ್ದೊ ಪ್ರೊವೆಂತ್ಸಾನೊ ಟೈಪ್ ಮಾಡಿದ ಚೀಟಿಗಳಲ್ಲೇ ಆಡಳಿತ ನಡೆಸಿದ. 2006ರಲ್ಲಿ ತನ್ನೂರು ಕೊರ್ಲೆಯೋನೆ ಹತ್ತಿರವೇ ಸಿಕ್ಕಿಬಿದ್ದ. ಅವನನ್ನು ಆಳುಗಳು ‘ತ್ಸು ಬಿನ್ನು’ ಅಂತಿದ್ದರು. ನಾನು ‘ಬಿನ್ನು ಮಾವ’ ಮಾಡಿದೆ. ನಿರೂಪಕನಿಗೆ ‘ಚೀಟಿ ಕಳಿಸಿದ’, ಆಳಿಗೆ ‘ಮಾವ ಚೀಟಿ ಕಳಿಸಿದ್ದಾರೆ’. ಯಾರು ದೊಡ್ಡವರು ಅಂತ ನೋಡುಗನಿಗೆ ಎರಡು ಸಾಲಲ್ಲಿ ಗೊತ್ತಾಗುತ್ತದೆ, ಅಲ್ವಾ? ಇಂಗ್ಲಿಷ್ ಸಬ್‌ಟೈಟಲ್‌ನವರಿಗೆ ಈ ಸೌಲಭ್ಯ ಇಲ್ಲ ಪಾಪ.

‘ಕಾಪೊ ದೇಯಿ ಕಾಪಿ’, ಅಂದರೆ ಯಜಮಾನರ ಯಜಮಾನ, ಅನ್ನುವುದನ್ನು ವರದಿಗಾರರ ಬಾಯಿಗಷ್ಟೇ ಬಿಟ್ಟೆ. 2023ರ ಜನವರಿಯಲ್ಲಿ ಸಿಸಿಲಿಯ ಇನ್ನೊಬ್ಬ ಮಾಫಿಯಾ ಮುಖಂಡ ಮತ್ತೇಯೊ ಮೆಸ್ಸೀನಾ ದೆನಾರೊ ಸಿಕ್ಕಾಗಲೂ ಕೆಲವರು ಹಾಗೇ ಬರೆದರು. ಆದರೆ ಅವನ ಹಿಡಿತ ಇದ್ದದ್ದು ತ್ರಾಪನಿ ಕಡೆ. ಕಮಿಷನ್ ಇರುವುದು ಪಲೆರ್ಮೊದಲ್ಲಿ.

ಕಲಾಬ್ರಿಯಾ ಕಂತಿನಲ್ಲಿ ನನ್ನ ಏಣಿ ಅಲುಗಾಡಿತು. ಅಲ್ಲಿನ ಮಾಫಿಯಾ ‘ನ್ದ್ರಾಂಗೆತಾ’ದಲ್ಲಿ ದರ್ಜೆಗೆ ‘ದೋತೆ’ ಅಂತಾರೆ. ಡಿಕ್ಷನರಿ ನಂಬಿ ‘ಅವನಿಗೆ ಮೂರನೇ ವರದಕ್ಷಿಣೆ ಸಿಕ್ಕಿತು’ ಅಂತ ಕಳಿಸಿಯೇಬಿಟ್ಟಿದ್ದೆ! ಈಗ ‘ಪಟ್ಟ’ ಅಂತ ಬಳಸುತ್ತೇನೆ. ಅಲ್ಲಿ ಪಟ್ಟ ಒಂದು, ಕುರ್ಚಿ ಇನ್ನೊಂದು, ಎರಡನ್ನೂ ಬೆರೆಸಬೇಡಿ. 2010ರಲ್ಲಿ ಸಿಕ್ಕ ‘ಕಾಪೊ ಕ್ರೀಮಿನೆ’ (ಅಲ್ಲಿನ ಮೇಲ್ಮಟ್ಟದ ಕೂಟದ ಮುಖ್ಯಸ್ಥ) ದೊಮೆನಿಕೊ ಒಪ್ಪೆದಿಸಾನೊ ರೊಸಾರ್ನೊದಲ್ಲಿ ತರಕಾರಿ ಮಾರುತ್ತಿದ್ದ ಮುದುಕ. ಹುಕುಂ ಹೊರಡಿಸುವುದಕ್ಕಿಂತ ಕಟ್ಟಳೆ ಕಾಯುವ ಕೆಲಸ. ಅವನಿಗೆ ‘ಕಟ್ಟೆಮನೆ ಯಜಮಾನ’ ಸರಿಹೋಯಿತು.

ನೇಪಲ್ಸ್‌ನ ಕಮೊರ್ರಾದಲ್ಲಿ ಒಂದೇ ಏಣಿ ಅನ್ನುವುದೇ ಇಲ್ಲ, ಕ್ಲಾನ್‌ಗಳ ರಾಶಿ. ಅಡ್ಡಹೆಸರುಗಳನ್ನೇ ಉಳಿಸಿಕೊಂಡೆ. ಅಲ್ಲೊಬ್ಬ ಫ್ರಾಂಚೆಸ್ಕೊ ಸ್ಕಿಯಾವೋನೆ, ಅಡ್ಡಹೆಸರು ‘ಸಾಂದೊಕಾನ್’. ಟೀವಿಯಲ್ಲಿ ಆ ಪಾತ್ರ ಮಾಡಿದ್ದ ನಮ್ಮ ಕಬೀರ್ ಬೇಡಿ ಥರ ಗಡ್ಡ ಬಿಟ್ಟಿದ್ದಕ್ಕೆ ಬಂದ ಹೆಸರಂತೆ. ಅದನ್ನು ಓದಿದ ದಿನ ಕೆಲಸ ಸಾಗಲಿಲ್ಲ, ಹಳೇ ಫೋಟೋ ನೋಡುತ್ತಾ ಕೂತೆ.

ಹೀಗೆ ತಿದ್ದಿ ಕಳಿಸಿದ ಮೇಲೆ ಆರೂ ಕಂತು ಒಂದೇ ಸುತ್ತಿನಲ್ಲಿ ಪಾಸಾದವು. ಮುಂದಿನ ಕೆಲಸಕ್ಕೆ ನಿಮಿಷಕ್ಕೆ ನೂರ ಇಪ್ಪತ್ತು ಕೇಳಿದೆ, ನೂರ ಹತ್ತಕ್ಕೆ ಒಪ್ಪಿದರು. ನನ್ನ ನಾಲ್ಕು ಪುಟದ ಪದಪಟ್ಟಿ ಕೇಳಿದರು, ಎರಡು ಪುಟ ಕೊಟ್ಟಿದ್ದೇನೆ. ‘ಕೊನ್ಸಿಲಿಯೇರೆ’ (ಯಜಮಾನನಿಗೆ ಸಲಹೆ ಕೊಡುವವನು) ಇರುವುದು ಮೂರನೇ ಪುಟದಲ್ಲಿ. ಅವನು ಲಾಯರ್ ಅಲ್ಲ, ಸಿಸಿಲಿಯಲ್ಲಿ ಅವನನ್ನು ಆರಿಸುವುದು ಫ್ಯಾಮಿಲಿಯ ಸದಸ್ಯರೇ. ಇಷ್ಟು ಸುಳಿವು ಸಾಕು.